ಕಣ್ಣಿಗೆ ಕಾಣದವರ ಅಡುಗೆಭಟ್ಟ

ಉಂಡವರು ಎಲೆ ಬಿಟ್ಟು ಏಳುವಾಗ ಅಡುಗೆಯವನ ಕೈಗುಣದ ಬಗ್ಗೆ ಒಂದು ಮಾತಾಡಲಿ ಎಂಬ ಆಸೆ ಎಲ್ಲ ಅಡುಗೆಯವರಿಗೂ ಇರುತ್ತದೆ. ನನಗೂ ಒಂದು ಕಾಲಕ್ಕೆ ಇತ್ತು. ಆದರೆ ನನ್ನ ಅತಿಥಿಗಳಿಗೆ ಬಾಯಿಯೇ ಇರಲಿಲ್ಲ. ಕಣ್ಣು, ಮೂಗು, ಕೈಕಾಲು ಯಾವುದೂ ಇರಲಿಲ್ಲ. ಮೈಯೆಲ್ಲ ಹೊಟ್ಟೆಯೇ ಆಗಿದ್ದ ಜನ. ಬೆಳಿಗ್ಗೆ ಒಬ್ಬನೇ ಊಟಕ್ಕೆ ಕೂತರೆ ಸಂಜೆಯ ಹೊತ್ತಿಗೆ ಮಕ್ಕಳು ಮೊಮ್ಮಕ್ಕಳು ಮರಿಮಕ್ಕಳೆಂದು ಲಕ್ಷಗಟ್ಟಲೆ ಪಂಕ್ತಿ. ಅಷ್ಟೂ ಮಂದಿ ನಾನು ಮಾಡಿಟ್ಟದ್ದನ್ನು ಉಂಡು, ಉಂಡ ಜಾಗವನ್ನೇ ಗಲೀಜು ಮಾಡಿ, ಕೆಟ್ಟ ವಾಸನೆ ಎಬ್ಬಿಸಿ ಸುಮ್ಮನಾಗುತ್ತಿದ್ದರು. ಹೀಗೆ ನನ್ನ ಆಯುಷ್ಯದ ಬಹುಭಾಗವನ್ನು ನಾನು ಬ್ಯಾಕ್ಟೀರಿಯಾಗಳಿಗೆ ಅಡುಗೆ ಮಾಡಿ ಹಾಕುವುದರಲ್ಲಿ ಕಳೆದೆ. ಸುಸ್ತಾಗಿದೆ ಎಂದು ಹೇಳಿಕೊಂಡರೆ ಯಾರೂ ತಪ್ಪು ತಿಳಿಯಬಾರದು.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಒಂದು ಆಸ್ಪತ್ರೆಯ ಹಿಂಭಾಗದಲ್ಲಿದ್ದ ಲ್ಯಾಬೊರೇಟರಿಯಲ್ಲಿ ನನಗೆ ಕೆಲಸ. ರೋಗಿಯ ಗಂಟಲಿನಿಂದ, ಹುಣ್ಣಿನಿಂದ, ರಕ್ತದಿಂದ ತೆಗೆದ ಒಂದು ತೊಟ್ಟು ನಮ್ಮಲ್ಲಿಗೆ ಬರುತ್ತಿತ್ತು. ಅದರಲ್ಲಿ ಯಾವ ಕ್ರಿಮಿ ಇದೆ ಎಂದು ತಿಳಿಯಬೇಕಾದರೆ ಅದನ್ನು ಬೆಳೆಸಬೇಕು. ಬೆಳೆಸಬೇಕಾದರೆ ಊಟ ಹಾಕಬೇಕು. ಆ ಊಟಕ್ಕೆ ನಮ್ಮ ಭಾಷೆಯಲ್ಲಿ ಕಲ್ಚರ್ ಮೀಡಿಯಂ ಎಂದು ಹೆಸರು. ಮಾಡುವ ಕೋಣೆಗೆ ಮೀಡಿಯಾ ರೂಮ್ ಎಂದು ಹೆಸರು. ಅದರ ಮುಖ್ಯಸ್ಥ ನಾನು. ಮುಖ್ಯಸ್ಥ ಎಂದರೆ ಪಾತ್ರೆ ತೊಳೆಯುವವನನ್ನು ಬಿಟ್ಟರೆ ಅಲ್ಲಿ ಇದ್ದವನು ನಾನೊಬ್ಬನೇ.

ಈಗ ಅಡುಗೆಯ ವಿಷಯಕ್ಕೆ ಬರುತ್ತೇನೆ. ಮೊದಲು ಎಳೆಯ ಕುರಿಮಾಂಸವನ್ನು ತರಬೇಕು. ಬಾಡಿದ್ದು ನಡೆಯುವುದಿಲ್ಲ. ಅದರಲ್ಲಿರುವ ಕೊಬ್ಬನ್ನೂ ನರವನ್ನೂ ಒಂದೆಳೆ ಬಿಡದೆ ತೆಗೆಯಬೇಕು. ಕೊಬ್ಬು ಉಳಿದರೆ ಸಾರು ಮಬ್ಬಾಗುತ್ತದೆ. ಸಣ್ಣಗೆ ಕೊಚ್ಚಿ, ನೀರಿನಲ್ಲಿ ನೆನೆಹಾಕಿ, ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿದರೆ ಒಣಹುಲ್ಲಿನ ಬಣ್ಣದ ತಿಳಿ ಸಾರು ಸಿಗುತ್ತದೆ. ಅದಕ್ಕೆ ಉಪ್ಪು, ಪೆಪ್ಟೋನ್ ಎಂಬ ಪುಡಿ. ಗಟ್ಟಿಯಾಗಬೇಕಾದರೆ ಸಮುದ್ರದ ಪಾಚಿಯಿಂದ ತೆಗೆದ ಅಗಾರ್. ಇದನ್ನೇ ನಮ್ಮ ಹೆಂಗಸರು ಚೈನಾ ಗ್ರಾಸ್ ಎಂದು ತಂದು ಹಾಲಿಗೆ ಹಾಕಿ ಸಿಹಿ ಮಾಡುತ್ತಾರೆ. ಮುಚ್ಚಳದ ಗಾಜಿನ ತಟ್ಟೆಗಳಿಗೆ ಹೊಯ್ದು ಆರಲು ಬಿಟ್ಟರೆ ಊಟ ಸಿದ್ಧ. ಇಷ್ಟಕ್ಕೇ ಎಲ್ಲರೂ ತೃಪ್ತರಾಗುವುದಿಲ್ಲ. ಒಂದು ಜಾತಿಗೆ ಇದರ ಮೇಲೆ ರಕ್ತ ಬೆರೆಸಬೇಕು. ಇನ್ನೊಂದಕ್ಕೆ ಮೊಟ್ಟೆಯೇ ಆಗಬೇಕು. ಮತ್ತೊಂದಕ್ಕೆ ಪಿತ್ತರಸ ಬೇಕು, ಅದೂ ಹದವಾಗಿ. ಗಂಡಿನ ಕಡೆಯ ಬೀಗರು ಕೂಡ ಇಷ್ಟು ನಖರಾ ಮಾಡಿದ್ದನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಮಾಡುತ್ತಿದ್ದ ನಾನು ಮೊಟ್ಟೆ ಒಡೆದ ಮನೆಯ ನೀರನ್ನೂ ಕುಡಿಯದವರ ವಂಶದಲ್ಲಿ ಹುಟ್ಟಿದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾರು ಕುದಿಯುವಾಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ನಮ್ಮಜ್ಜಿಯನ್ನು ನೆನೆದು ಕಣ್ಣೀರು ಹಾಕಿದ್ದುಂಟು. ಆಮೇಲೆ ರೂಢಿಯಾಯಿತು. ಆದರೂ ಆ ಸಾರಿನ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಲಿಲ್ಲ. ಹುಳಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನೋಡಲು ನಮ್ಮಲ್ಲಿ ಬಣ್ಣ ಬದಲಾಯಿಸುವ ಕಾಗದದ ಪಟ್ಟಿಗಳಿದ್ದವು. ರುಚಿಯನ್ನು ಕಾಗದದ ಹತ್ತಿರ ಕೇಳಿ ತಿಳಿದುಕೊಳ್ಳುವ ಅಡುಗೆಭಟ್ಟ ಕರ್ನಾಟಕದಲ್ಲಿ ಬೇರೆ ಯಾರಾದರೂ ಇದ್ದರೋ ಇಲ್ಲವೋ ತಿಳಿಯದು.

ಪೇಟೆಯಲ್ಲಿ ಆಗಲೇ ಇದೆಲ್ಲದರ ಪುಡಿ ಡಬ್ಬಿಯಲ್ಲಿ ಸಿಗುತ್ತಿತ್ತು. ನೀರಿಗೆ ಕಲಸಿದರೆ ಮುಗಿಯಿತು. ಆದರೆ ನಮ್ಮ ಲ್ಯಾಬಿನ ಹಿರಿಯ ವೈದ್ಯೆ, ನಾವೆಲ್ಲ ಡಾಕ್ಟರಮ್ಮ ಎಂದು ಕರೆಯುತ್ತಿದ್ದವರು, ಆ ಡಬ್ಬಿಯನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. "ಡಬ್ಬಿ ಸಾಂಬಾರ್ ಪುಡಿ ಹಾಕಿದ್ ಅಡುಗೆನ ನೀವು ಊಟ ಮಾಡ್ತೀರೇನ್ರೀ? ಅವು ಮಾತ್ರ ಯಾಕ್ ಮಾಡ್ಬೇಕು?" ಎಂದು ಕೇಳುತ್ತಿದ್ದರು. ಕ್ರಿಮಿಗಳ ಪರವಾಗಿ ಅವರು ಆಡುತ್ತಿದ್ದ ಮಾತನ್ನು ನಮ್ಮ ಪರವಾಗಿ ಆಡಳಿತದವರ ಮುಂದೆ ಆಡಿದ್ದರೆ ನಮಗೆಲ್ಲ ಬಡ್ತಿ ಸಿಗುತ್ತಿತ್ತು.

ಇನ್ನು ಮನೆಯ ವಿಷಯ. ಮನೆ ಎಂದರೆ ಬಾಡಿಗೆ ಮನೆ. ಮದುವೆಯಾದಾಗಿನಿಂದ ನಾನೂ ನನ್ನ ಹೆಂಡತಿ ವಿಶಾಲಾಕ್ಷಿಯೂ ಬೆಕ್ಕು ಮರಿಗಳನ್ನು ಕಚ್ಚಿಕೊಂಡು ತಿರುಗುವಂತೆ ಪಾತ್ರೆಪಡಗ ಹೊತ್ತು ಮನೆ ಮನೆ ತಿರುಗಿದ್ದೆವು. ಒಂದರಲ್ಲಿ ನೀರಿಲ್ಲ, ಒಂದರಲ್ಲಿ ಗಾಳಿಯಿಲ್ಲ, ಒಂದರಲ್ಲಿ ಎರಡೂ ಇದ್ದು ಮಾಲೀಕನಿಗೆ ತಲೆ ಸರಿಯಿಲ್ಲ. ಕೊನೆಗೆ ರಾಜಾಜಿನಗರದಲ್ಲೇ, ಬಸವೇಶ್ವರನಗರದ ಖಾಲಿ ಸೈಟುಗಳು ಕಾಣುವ ಒಂದು ಬೀದಿಯಲ್ಲಿ, ಮಹಡಿಯ ಮೇಲಿನ ಮನೆಯೊಂದು ಸಿಕ್ಕಿತು. ಕೆಳಗೆ ಮಾಲೀಕರಾದ ಧರಣೇಂದ್ರಯ್ಯನವರು ತಮ್ಮ ಪತ್ನಿಯೊಡನೆ ಇದ್ದರು. ಜೈನರು. ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟು, ವಯಸ್ಸಾದ ಮೇಲೆ ಅದನ್ನು ಅಳಿಯನಿಗೆ ವಹಿಸಿ ನೆಮ್ಮದಿಯಾಗಿದ್ದವರು. ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸದೆ ಮುಟ್ಟುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದರು. ದೀಪಕ್ಕೆ ಹುಳ ಬಂದು ಬೀಳುತ್ತವಲ್ಲ, ಅದಕ್ಕೆ. ನಡೆಯುವಾಗಲೂ ನೆಲ ನೋಡಿಕೊಂಡೇ ನಡೆಯುವ ಮನುಷ್ಯ. ನಮಗೆ ಮನೆ ಕೊಡುವಾಗ ಅವರು ಹಾಕಿದ್ದು ಒಂದೇ ಶರತ್ತು: ಮಾಂಸ, ಮೊಟ್ಟೆ ಗೇಟಿನ ಒಳಗೆ ಬರಕೂಡದು. "ಈರುಳ್ಳಿ ಬೆಳ್ಳುಳ್ಳಿ ನಿಮ್ಮಿಷ್ಟ. ಆದ್ರೆ ಒಗ್ಗರಣೆ ಹಾಕೋವಾಗ ಕಿಟಕಿ ಹಾಕ್ಕೊಳ್ಳಿ, ಕೆಳಗಡೆ ನಮ್ಮೋರಿಗೆ ಆಸೆ ಆಗತ್ತೆ" ಎಂದು ನಕ್ಕಿದ್ದರು.

ಅಂಥ ಮನೆ. ಬೆಳಿಗ್ಗೆ ನಲ್ಲಿಯಲ್ಲಿ ನೀರು, ಸಂಜೆ ಹಿಂದಿನ ಬಾಲ್ಕನಿಯಲ್ಲಿ ಗಾಳಿ. ವಿಶಾಲುವಿಗೆ ಆಗ ಏಳನೆಯ ತಿಂಗಳು. "ಇನ್ ನನ್ ಕೈಲಿ ಮನೆ ಬದಲಾಯ್ಸಕ್ ಆಗಲ್ಲ ಕಣ್ರೀ. ಮಗು ಈ ಮನೇಲೇ ಹುಟ್ಟಿ ಈ ಮನೇಲೇ ಅಂಬೆಗಾಲಿಡ್ಲಿ" ಎಂದು ಅವಳು ಹೇಳಿದ್ದಳು. ನಾನೂ ಹೂಂ ಎಂದಿದ್ದೆ. ಹೂಂ ಎನ್ನುವುದಕ್ಕೆ ಏನು ಕಷ್ಟ.

ಕಷ್ಟ ಶುರುವಾದದ್ದು ನಮ್ಮ ಲ್ಯಾಬಿನ ಅಟೆಂಡರು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಾಗ. ಅದುವರೆಗೆ ದಿನವೂ ಮಾಂಸ ತರುತ್ತಿದ್ದವನು ಅವನೇ. ಡಾಕ್ಟರಮ್ಮ ನನ್ನನ್ನು ಕರೆದು, "ನಿಮ್ ಮನೆ ಹತ್ರಾನೇ ಅಂಗಡಿ ಇದ್ಯಲ್ಲ, ಬರ್ತಾ ನೀವೇ ತಂದ್ಬಿಡಿ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಕಚೇರಿಗಳಲ್ಲೇ ಹುಟ್ಟಿದ ಗಾದೆ ಇರಬೇಕು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಇಟ್ಟುಕೊಂಡು, ಬಟ್ಟೆಚೀಲ ಹಿಡಿದು ಬಾಷಾ ಸಾಹೇಬರ ಮಟನ್ ಅಂಗಡಿಯ ಮುಂದೆ ನಿಂತೆ. ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡು, ಅಲ್ಲಿ ಬಸ್ಸಿಗೆ ಕಾಯುತ್ತಿರುವವನಂತೆ ನಟಿಸಿದೆ. ಆದರೆ ಮಾಂಸ ಕೊಳ್ಳುವವನು ಬಸ್ಸಿಗೆ ಕಾಯುವವನಂತೆ ಎಷ್ಟು ಹೊತ್ತು ನಟಿಸಬಹುದು? ಬಾಷಾ ಸಾಹೇಬರು ಒಂದು ತುಂಡು ಎತ್ತಿ ತೋರಿಸಿದರು. ನನ್ನ ಕಸುಬಿನ ಬುದ್ಧಿ ಸುಮ್ಮನಿರಲಿಲ್ಲ. "ಇದು ಬೇಡ, ಕೊಬ್ಬಿದೆ. ಆ ತೊಡೆ ಕಡೇದು ಕೊಡಿ. ಆ ಬಿಳಿ ಪೊರೆ ತೆಗೀರಿ. ಅದೂ ತೆಗೀರಿ" ಎಂದೆ. ಅವರು ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದರು. "ಇಷ್ಟ್ ವರ್ಷದಾಗೆ ಇಂಥಾ ಗಿರಾಕಿ ನೋಡಿಲ್ಲ ಸಾಬ್. ನಿಮಗೆ ಮಾಲ್ ಗೊತ್ತು" ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು.

ಒಂದೆರಡು ವಾರದಲ್ಲಿ ನನ್ನ ಹೆಸರು ಆ ಅಂಗಡಿಯಲ್ಲಿ ನಿಂತುಬಿಟ್ಟಿತು. ನಾನು ಹೋದೊಡನೆ, "ಏಯ್, ಸಾಬ್ ಬಂದ್ರು, ಚರ್ಬಿ ಇಲ್ದೇ ಇರೋದ್ ತೆಗಿ" ಎಂದು ಕೂಗು. ಸಾಲಿನಲ್ಲಿ ನಿಂತ ಫ್ಯಾಕ್ಟರಿ ಕೆಲಸದವರು ನನಗೆ ಜಾಗ ಬಿಡುತ್ತಿದ್ದರು. ಅವರಲ್ಲೊಬ್ಬ ಒಂದು ದಿನ ವಿನಯದಿಂದ ಹತ್ತಿರ ಬಂದು, "ಸಾರ್, ಮನೇಲಿ ನೆಂಟ್ರು ಬರ್ತಾ ಅವ್ರೆ. ಸಾರಿಗೆ ಯಾವ್ ಕಡೇದ್ ತಗೊಂಡ್ರೆ ಚೆನ್ನಾಗಿರ್ತದೆ?" ಎಂದು ಸಲಹೆ ಕೇಳಿದ. ನಾನು ಹೇಳಿದೆ. ಹೇಳದೆ ಇದ್ದಿದ್ದರೆ ಒಳ್ಳೆಯದಿತ್ತು. ಅವನು ಮರುವಾರ ಬಂದು ಎಲ್ಲರೆದುರಿಗೆ ಕೈ ಕುಲುಕಿ, "ಸೂಪರ್ ಆಗಿತ್ತು ಸಾರ್" ಎಂದ. ನನ್ನ ಅಡುಗೆಯ ಬುದ್ಧಿವಂತಿಕೆಯನ್ನು ಜೀವಮಾನದಲ್ಲಿ ಬಾಯಿಬಿಟ್ಟು ಹೊಗಳಿದವನು ಅವನೊಬ್ಬ. ಆ ಹೊಗಳಿಕೆ ಬಿದ್ದದ್ದು ರಸ್ತೆಯಾಚೆ ಸೊಪ್ಪು ಚೌಕಾಸಿ ಮಾಡುತ್ತಿದ್ದ ನಮ್ಮ ಎದುರುಮನೆ ಕಮಲಮ್ಮನವರ ಕಿವಿಗೆ.

ಕಮಲಮ್ಮನವರ ವಿಷಯದಲ್ಲಿ ಹೆಚ್ಚು ಹೇಳಲಾರೆ. ಆ ಬೀದಿಗೆ ದಿನಪತ್ರಿಕೆ ಹಾಕುವವನು ಅವರಿಂದಾಗಿ ನಷ್ಟದಲ್ಲಿದ್ದ ಎಂದರೆ ಸಾಕು. ಅವರಿಗೆ ಸಾಕ್ಷ್ಯವೂ ಬೇಕಾದಷ್ಟಿತ್ತು. ದಿನವಿಡೀ ಸಾರಿನ ಹಬೆಯಲ್ಲಿ ನಿಂತ ನನ್ನ ಅಂಗಿಯ ವಾಸನೆ ನನ್ನ ಮೂಗಿಗೆ ತಿಳಿಯದಿದ್ದರೂ ನಾಯಿಗಳಿಗೆ ತಿಳಿಯುತ್ತಿತ್ತು. ಸಂಜೆ ಬಸ್ ಸ್ಟಾಪಿನಿಂದ ಮನೆಯವರೆಗೆ ಬೀದಿ ನಾಯಿಗಳು ಬಾಲ ಅಲ್ಲಾಡಿಸುತ್ತಾ ನನ್ನ ಹಿಂದೆ ಬರುತ್ತಿದ್ದವು. ಮಂತ್ರಿಗಳಿಗೆ ಮಾತ್ರ ಸಲ್ಲುವ ಮೆರವಣಿಗೆ. ಗೇಟಿನ ಹತ್ತಿರ ನಿಂತು ಅವುಗಳನ್ನು ಹಚಾ ಎಂದು ಓಡಿಸುವಾಗ ಕಮಲಮ್ಮನವರು ತಮ್ಮ ಜಗಲಿಯಿಂದ ನೋಡುತ್ತಿದ್ದರು. ಒಂದು ಮಧ್ಯಾಹ್ನ ನಮ್ಮ ಮನೆಗೇ ಬಂದು ವಿಶಾಲುವನ್ನು ಕೇಳಿದರಂತೆ: "ಅಲ್ಲ ಕಣಮ್ಮ, ಬಸುರಿಗೆ ಬಯಕೆ ಆಗೋದ್ ಸಹಜ. ನಾನೇನ್ ತಪ್ ತಿಳ್ಕೊಳಲ್ಲ. ಆದ್ರೆ ಧರಣೇಂದ್ರಯ್ಯನೋರ್ ಮನೇಲಿದ್ಕೊಂಡು ಮಾಡ್ಬೋದಾ?"

ಆ ಸಂಜೆ ಧರಣೇಂದ್ರಯ್ಯನವರು ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು. ಕೋಪವಿರಲಿಲ್ಲ. ಕೋಪವಿದ್ದರೆ ಎದುರಿಸಬಹುದು. ಅವರಿಗೆ ನಾಚಿಕೆಯಾಗಿತ್ತು, ನನ್ನ ಪರವಾಗಿ.

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವು ದಿನಾ ಮಟನ್ ತಗೋತೀರಂತೆ?"

"ಹೌದು ಸಾರ್. ಆದ್ರೆ ಅದು ನಮಗಲ್ಲ. ಬ್ಯಾಕ್ಟೀರಿಯಾಗೆ."

ಆ ಮಾತು ನನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು. ನಾನು ವಿವರಿಸಲು ಹೋದಷ್ಟೂ ಅದು ಇನ್ನಷ್ಟು ಕೆಟ್ಟಿತು. ಕ್ರಿಮಿಗಳಿಗೆ ಎಳೆಯ ಮಾಂಸವೇ ಆಗಬೇಕು, ಕೊಬ್ಬು ಸೇರುವುದಿಲ್ಲ, ಉಪ್ಪು ಹದವಾಗಿರಬೇಕು ಎಂದೆಲ್ಲ ಹೇಳಿದೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನು, ಕುಡಿದದ್ದು ಮಜ್ಜಿಗೆ ಎಂದರೆ ನಂಬುವವರು ಒಬ್ಬಿಬ್ಬರಾದರೂ ಸಿಗಬಹುದು. ಮಜ್ಜಿಗೆಯಲ್ಲ, ಹೆಂಡವೇ, ಆದರೆ ಅದನ್ನು ಕುಡಿಯುವುದು ಕಣ್ಣಿಗೆ ಕಾಣದ ನನ್ನ ಸ್ನೇಹಿತರು ಎಂದರೆ? ಧರಣೇಂದ್ರಯ್ಯನವರು ನಿಟ್ಟುಸಿರು ಬಿಟ್ಟು, "ನೀವು ತಿಂತೀನಿ ಅಂದಿದ್ರೆ ನಂಗೆ ಇಷ್ಟ್ ಬೇಜಾರಾಗ್ತಿರ್ಲಿಲ್ಲ. ಸುಳ್ ಹೇಳ್ಬಾರ್ದು. ತಿಂಗಳ ಕೊನೇಗೆ ಮನೆ ನೋಡ್ಕೊಳ್ಳಿ" ಎಂದು ನೆಲ ನೋಡುತ್ತಾ ಒಳಗೆ ಹೋದರು.

ವಿಶಾಲು ಅಳಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿ ಕೂತಳು. ನನಗೆ ಅದನ್ನು ನೋಡಲಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಬೇರೆ ಏನಾದ್ರೂ ಹೇಳ್ಬಾರ್ದಿತ್ತೇನ್ರೀ? ಆಫೀಸರ್ ಮನೆ ನಾಯಿಗೆ ಅಂತ ಹೇಳಿದ್ರೆ ನಂಬ್ತಿದ್ರು" ಎಂದಳು.

"ಅದು ಸುಳ್ಳಲ್ವೇನೇ?"

"ನಿಮ್ ನಿಜಕ್ಕಿಂತ ಚೆನ್ನಾಗಿತ್ತು."

ಅವಳು ಹೇಳಿದ್ದು ಸರಿ. ಕೆಲವರ ಬಾಯಿಯಲ್ಲಿ ಸುಳ್ಳೂ ನಿಜದಂತೆ ಕೇಳಿಸುತ್ತದೆ. ನನ್ನ ಬಾಯಿಯಲ್ಲಿ ನಿಜ ಕೂಡ ಹಾಗೆ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ನಿಜವಾಗಿ ಹೊಟ್ಟೆನೋವು ಬಂದ ದಿನವೂ ನಮ್ಮಪ್ಪ ನನ್ನನ್ನು ಶಾಲೆಗೇ ಅಟ್ಟಿದ್ದರು.

ಮುಂದಿನ ಎರಡು ಭಾನುವಾರ ಮನೆ ಹುಡುಕಿದೆ. ವಿಜಯನಗರದಲ್ಲಿ ಹೊಸದಾಗಿ ಕಟ್ಟಿದ ಮನೆಗಳಿದ್ದವು, ಬಾಗಿಲಿಗೆ ಬಣ್ಣ ಇನ್ನೂ ಒಣಗಿರಲಿಲ್ಲ; ನೀರಿಗೆ ಬೀದಿ ಕೊನೆಯ ಬಾವಿಗೆ ಹೋಗಬೇಕು. ಅತ್ತಿಗುಪ್ಪೆಯಲ್ಲಿ ಒಬ್ಬ ಗೌಡರು ತಮ್ಮ ರಾಗಿ ಹೊಲದ ಪಕ್ಕದಲ್ಲಿ ಸಾಲಾಗಿ ಕಟ್ಟಿಸಿದ್ದ ಮನೆಗಳನ್ನು ತೋರಿಸಿ, "ನಮ್ ಕಡೆಯಿಂದ ಏನೂ ತೊಂದ್ರೆ ಇಲ್ಲ ಸಾಮಿ, ನೀವ್ ಏನ್ ಬೇಕಾದ್ರೂ ತಿನ್ನಿ" ಎಂದರು. ನಾನು ಏನೂ ತಿನ್ನುವುದಿಲ್ಲ ಎಂದೆ. ಅವರು ಅನುಮಾನದಿಂದ ನೋಡಿ, "ಹಂಗಂದ್ರೆ ಭಾನುವಾರ ನಾವ್ ಬೇಯಿಸ್ದಾಗ ತಕರಾರ್ ತೆಗೀತೀರಾ" ಎಂದರು. ಒಂದು ಕಡೆ ತಿನ್ನುತ್ತೇನೆಂದು ಮನೆ ಬಿಡಿಸಿದರು, ಇನ್ನೊಂದು ಕಡೆ ತಿನ್ನುವುದಿಲ್ಲವೆಂದು ಮನೆ ಕೊಡಲು ಹಿಂಜರಿದರು. ಸಂಜೆ ಕಾಲೆಳೆದುಕೊಂಡು ಮನೆಗೆ ಬಂದರೆ ವಿಶಾಲು ಅಟ್ಟದ ಪಾತ್ರೆಗಳನ್ನು ಇಳಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದಳು. ಆ ಸ್ಥಿತಿಯಲ್ಲಿ ಅವಳು ಸ್ಟೂಲು ಹತ್ತಿದ್ದಳಲ್ಲ ಎಂದು ರೇಗಿದೆ. ಅವಳು, "ಮತ್ತೆ ಯಾರ್ ಇಳಿಸ್ತಾರೆ, ನಿಮ್ ಬ್ಯಾಕ್ಟೀರಿಯಾನಾ?" ಎಂದಳು.

ಆಗ ನನಗೆ ಬುದ್ಧಿ ಹೊಳೆಯಿತು, ಅಥವಾ ಹೊಳೆಯಿತು ಎಂದುಕೊಂಡೆ. ಕೆಳಗಿಳಿದು ಹೋಗಿ ಧರಣೇಂದ್ರಯ್ಯನವರ ಮುಂದೆ ಕೈಕಟ್ಟಿ ನಿಂತೆ. "ಸಾರ್, ಒಂದ್ಸಲ ನಮ್ ಲ್ಯಾಬಿಗೆ ಬನ್ನಿ. ನಿಮ್ ಕಣ್ಣಾರೆ ನೋಡಿ. ಆಮೇಲೂ ಹೋಗು ಅಂದ್ರೆ ಒಂದ್ ಮಾತಾಡದೆ ಹೋಗ್ತೀನಿ" ಎಂದೆ. ಅವರು ಯೋಚಿಸಿ ಒಪ್ಪಿದರು. ಒಬ್ಬನ ಮೇಲೆ ವೃಥಾ ಅಪವಾದ ಹೊರಿಸಿದರೆ ಅದೂ ಹಿಂಸೆಯೇ ಎಂದು ಅವರ ಲೆಕ್ಕಾಚಾರ.

ಡಾಕ್ಟರಮ್ಮನ ಅಪ್ಪಣೆ ಪಡೆದು ಒಂದು ಮಧ್ಯಾಹ್ನ ಕರೆದುಕೊಂಡು ಹೋದೆ. ಬಿಳಿ ಪಂಚೆ, ಮುಚ್ಚುಗೊರಳಿನ ಕೋಟು, ಕೈಯಲ್ಲಿ ಸೋಸಿ ಕಾಯಿಸಿ ಆರಿಸಿದ ನೀರಿನ ತಂಬಿಗೆ. ಮೀಡಿಯಾ ರೂಮಿನ ಬಾಗಿಲಲ್ಲಿ ಪಂಚೆಯ ತುದಿಯನ್ನು ಮೂಗಿಗೆ ಒತ್ತಿಕೊಂಡು ಒಳಗೆ ಬಂದರು. ಬೇಯುತ್ತಿರುವ ಪಾತ್ರೆ, ಸೋಸುವ ಬಟ್ಟೆ, ತಿಳಿ ಸಾರು ತುಂಬಿದ ಶೀಸೆಗಳು ಎಲ್ಲವನ್ನೂ ತೋರಿಸಿದೆ. ಸೋಸುವ ಬಟ್ಟೆಯನ್ನು ನೋಡಿ, "ನೀವೂ ಸೋಸ್ತೀರಾ?" ಎಂದರು. ಆ ಪ್ರಶ್ನೆಯಲ್ಲಿ ಮೊದಲ ಸಲ ಒಂದು ಆತ್ಮೀಯತೆ ಕೇಳಿಸಿತು. ಮೂಲೆಯಲ್ಲಿದ್ದ ಆಟೊಕ್ಲೇವ್ ಎಂಬ ದೊಡ್ಡ ದುಂಡನೆಯ ಲೋಹದ ಹಂಡೆಯ ಹತ್ತಿರ ಹೋಗಿ ಪಾತ್ರೆ ಅಂಗಡಿಯವರ ಅಭ್ಯಾಸದಂತೆ ಗೆಣ್ಣಿನಿಂದ ಟಣ್ ಎಂದು ಬಡಿದು, "ಒಳ್ಳೇ ಗೇಜು, ದಪ್ಪ ತಗಡು. ಈಗ ಇಂಥದ್ದು ಬರಲ್ಲ" ಎಂದು ಮೆಚ್ಚಿಕೊಂಡರು. ಅದು ಏನು ಮಾಡುವ ಯಂತ್ರ ಎಂದು ಆಗ ಕೇಳಲಿಲ್ಲ.

ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಹಿಂದಿನ ದಿನ ಸಾರಿನಲ್ಲಿ ಬೆಳೆಸಿದ್ದರಲ್ಲಿ ಒಂದು ಹನಿಯನ್ನು ಗಾಜಿನ ಕೆಳಗಿಟ್ಟು, ಅವುಗಳಲ್ಲೇ ಚುರುಕಾಗಿ ಓಡಾಡುವ ಒಂದು ಜಾತಿಯನ್ನು ಆರಿಸಿದ್ದೆ. ಬಂಧುಗಳು ಬಂದಾಗ ಹಾಡುವ ಮಗುವನ್ನೇ ಮುಂದೆ ತಳ್ಳುತ್ತೇವಲ್ಲ, ಹಾಗೆ. ಧರಣೇಂದ್ರಯ್ಯನವರು ಕನ್ನಡಕ ತೆಗೆದು ಬಗ್ಗಿದರು. ತುಂಬ ಹೊತ್ತು ಎದ್ದೇಳಲಿಲ್ಲ. ಎದ್ದಾಗ ಅವರ ಕಣ್ಣು ಒದ್ದೆಯಾಗಿತ್ತು.

"ನಮ್ ಹಿರಿಯರು ಹೇಳ್ತಾನೇ ಇದ್ರು. ಕಣ್ಣಿಗ್ ಕಾಣದೇ ಇರೋ ಜೀವ ನೀರಲ್ಲಿ, ಗಾಳೀಲಿ, ಎಲ್ಲಾ ಕಡೆ ಅಂತ. ಸ್ಕೂಲಲ್ಲಿ ಹುಡುಗ್ರು ನಗ್ತಿದ್ರು. ಇವತ್ತು ನೋಡ್ದೆ" ಎಂದರು. ಮತ್ತೆ ಬಗ್ಗಿ ನೋಡಿದರು. "ಎಷ್ಟ್ ಓಡಾಡ್ತಾವೆ, ಪಾಪ. ಮಕ್ಕಳ ಥರ." ನನ್ನ ಕೈಯನ್ನು ಹಿಡಿದುಕೊಂಡು, "ನನ್ನಿಂದ ತಪ್ಪಾಯ್ತು. ನೀವು ಇವಕ್ಕೆ ಊಟ ಹಾಕ್ತಾ ಇದೀರಿ. ನಾನು ಏನೇನೋ ಅಂದ್ಬಿಟ್ಟೆ" ಎಂದರು.

ಇಲ್ಲಿಗೆ ಅವರನ್ನು ಬಸ್ಸು ಹತ್ತಿಸಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಮನೆ ಉಳಿಯಿತೆಂಬ ಸಂತೋಷದಲ್ಲಿ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಇಡೀ ಬೆಂಗಳೂರಿನಲ್ಲಿ ನನ್ನ ಅತಿಥಿಗಳನ್ನು ಗೌರವದಿಂದ ಕಂಡ ಮೊದಲ ಮನುಷ್ಯ ಎದುರಿಗಿದ್ದರು. ಅವರು ಅಕ್ಕರೆಯಿಂದ ಕೇಳಿದರು:

"ನಿಮ್ ಪರೀಕ್ಷೆ ಎಲ್ಲಾ ಮುಗಿದ್ ಮೇಲೆ ಇವನ್ನ ಎಲ್ಲಿ ಬಿಡ್ತೀರಿ?"

"ಬಿಡೋದಾ? ಛೆ ಛೆ, ಬಿಡೋ ಹಾಗೇ ಇಲ್ಲ ಸಾರ್" ಎಂದು ಅವರನ್ನು ಆಟೊಕ್ಲೇವಿನ ಹತ್ತಿರ ಕರೆದುಕೊಂಡು ಹೋದೆ. ಮುಚ್ಚಳ ತೆಗೆದು ತೋರಿಸಿದೆ. "ನೀವು ಆಗ ಮೆಚ್ಕೊಂಡ್ರಲ್ಲ, ಇದೇ. ದಿನಾ ಸಾಯಂಕಾಲ ಅಷ್ಟನ್ನೂ ಇದಕ್ಕೆ ತುಂಬಿ, ಮುಚ್ಚಳ ಬಿಗಿದು, ಹಬೇಲಿ ಪ್ರೆಷರ್ ಏರಿಸಿ ಬೇಯಿಸ್ತೀವಿ. ಒಂದೂ ಉಳಿಯಲ್ಲ ಸಾರ್. ಗ್ಯಾರಂಟಿ."

ಆ ಗ್ಯಾರಂಟಿ ಎಂಬ ಮಾತನ್ನು ಆಡಿದ ಮೇಲೆ ಅವರ ಮುಖ ನೋಡಿದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅವರು ಆ ಯಂತ್ರದ ಹೊಟ್ಟೆಯೊಳಗೆ ನೋಡುತ್ತಾ, "ಎಷ್ಟು?" ಎಂದು ಮಾತ್ರ ಕೇಳಿದರು. ಕೋಟಿಗಳಲ್ಲಿ ಎಣಿಸಬೇಕೆಂದು ನಾನು ಹೇಳಬೇಕಾಯಿತು. "ದಿನಾನಾ?" ಎಂದರು. "ಭಾನುವಾರ ಇಲ್ಲ ಸಾರ್" ಎಂದೆ. ಅದರಿಂದ ಅವರಿಗೆ ಏನೂ ಸಮಾಧಾನವಾದಂತೆ ಕಾಣಲಿಲ್ಲ. ತಂಬಿಗೆಯ ನೀರು ಕುಡಿಯಲು ಎತ್ತಿದವರು ಹಾಗೆಯೇ ಇಳಿಸಿದರು. ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕೂತು ಬಂದೆವು. ಒಂದೇ ಒಂದು ಕುರಿಯನ್ನು ತಿಂದ ಆಪಾದನೆಯಿಂದ ಪಾರಾಗಲು ಹೋಗಿ, ನನ್ನ ಮೇಲೆ ಯಾರೂ ಹೊರಿಸದಿದ್ದ ಕೋಟ್ಯಂತರ ಕೊಲೆಗಳನ್ನು ನಾನೇ ಸಾಕ್ಷಿ ಸಮೇತ ಸಾಬೀತು ಮಾಡಿ ಬಂದಿದ್ದೆ.

ವಿಶಾಲು ಬಾಗಿಲಲ್ಲೇ ಕಾಯುತ್ತಿದ್ದಳು. "ನಂಬಿದ್ರಾ?" ಎಂದಳು. "ಪೂರ್ತಿ ನಂಬಿದ್ರು" ಎಂದೆ. ಅವಳ ಮುಖ ಅರಳಿತು. ಮಿಕ್ಕದ್ದನ್ನು ಹೇಳಿದೆ. ಅವಳು ಒಳಗೆ ಹೋಗಿ ಮತ್ತೊಂದು ಗೋಣಿಚೀಲ ತಂದಳು.

ಅದಾದ ಮೇಲೆ ಕೆಲವು ದಿನ ಕೆಳಗಿನ ಮನೆಯಿಂದ ಮಾತಿಲ್ಲ, ಕಥೆಯಿಲ್ಲ. ನಾವು ಮೆಟ್ಟಿಲು ಇಳಿಯುವಾಗ ಬಾಗಿಲು ಮುಚ್ಚಿರುತ್ತಿತ್ತು. ಅವರು ಸರಿಯಾಗಿ ನೀರನ್ನೂ ಕುಡಿಯುತ್ತಿಲ್ಲವೆಂದು ಅವರ ಪತ್ನಿ ವಿಶಾಲುವಿನ ಹತ್ತಿರ ಹೇಳಿದರಂತೆ. ನನಗೆ ನಿಜವಾಗಿಯೂ ದುಃಖವಾಯಿತು. ಮನೆ ಹೋಗುವುದಕ್ಕೆ ಒಂದು ದುಃಖ, ಹಿರಿಯರೊಬ್ಬರ ಬಾಯಾರಿಕೆಗೆ ಕಾರಣನಾದ ದುಃಖ ಇನ್ನೊಂದು. ತಿಂಗಳ ಕೊನೆ ಹತ್ತಿರವಾಯಿತು. ಎತ್ತಿನ ಗಾಡಿಯವನಿಗೆ ಹೇಳಿಯೂ ಆಯಿತು. ಅತ್ತಿಗುಪ್ಪೆಯ ಗೌಡರು ನಾನು ಭಾನುವಾರ ತಕರಾರು ತೆಗೆಯುವುದಿಲ್ಲವೆಂದು ಆಣೆ ಮಾಡಿಸಿಕೊಂಡು ಒಂದು ಮನೆ ಕೊಡಲು ಒಪ್ಪಿದ್ದರು. ಅದು ಮೂಲೆಯ ಮನೆ. ಬಾವಿ ಇನ್ನೊಂದು ಮೂಲೆಯಲ್ಲಿತ್ತು.

ಆ ಭಾನುವಾರ ಬೆಳಿಗ್ಗೆ ಧರಣೇಂದ್ರಯ್ಯನವರು ಮಹಡಿ ಹತ್ತಿ ಬಂದರು. ಕಟ್ಟಿಟ್ಟ ಗಂಟುಗಳ ನಡುವೆ ಜಾಗ ಮಾಡಿ ಕೂರಿಸಿದೆವು. ವಿಶಾಲು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವರು ಸ್ವಲ್ಪ ಬಡವಾಗಿದ್ದರು.

"ನೀರು ಸೋಸೋದು ಜೀವ ಉಳೀಲಿ ಅಂತ" ಎಂದು ಶುರು ಮಾಡಿದರು. "ಸೋಸಿದ್ ಮೇಲೆ ಕಾಯಿಸ್ತೀವಿ. ಬಟ್ಟೇಲಿ ಸಿಕ್ಕಿದ್ದನ್ನ ಜೋಪಾನವಾಗಿ ಬಾವಿಗೆ ಬಿಡ್ತೀವಿ. ಬಟ್ಟೆ ದಾಟಿ ಬಂದಿದ್ದನ್ನ? ಇಷ್ಟು ವರ್ಷ ನಾನೂ ನಿಮ್ ಥರಾನೇ ಮುಚ್ಚಳ ಹಾಕಿ ಒಲೆ ಮೇಲಿಟ್ಟಿದೀನಿ. ನಿಮ್ಮದು ದೊಡ್ ಪಾತ್ರೆ, ನಮ್ಮದು ಚಿಕ್ ಪಾತ್ರೆ. ಪಾತ್ರೆ ವ್ಯಾಪಾರ ನಂದು, ಅಳತೆ ಅಷ್ಟೇ ವ್ಯತ್ಯಾಸ ಅಂತ ನಂಗೊತ್ತು. ಯಾವ್ ಬಾಯಲ್ಲಿ ನಿಮ್ಮನ್ನ ಹೋಗಿ ಅನ್ಲಿ?" ಎಂದು ವಿಶಾಲುವಿನ ಕಡೆ ತಿರುಗಿದರು. "ಗಂಟು ಬಿಚ್ಚಮ್ಮ. ಭಾರ ಎತ್ತಬೇಡ."

ವಿಶಾಲು ಆಗ ಅತ್ತಳು. ಅವರು ಎದ್ದು ಹೊರಟವರು ಬಾಗಿಲಲ್ಲಿ ನಿಂತರು. "ಒಂದೇ ಒಂದ್ ಕೇಳ್ಕೋತೀನಿ. ಆ ಮುಚ್ಚಳ ಬಿಗಿಯೋ ಮುಂಚೆ ಒಂದ್ ಸಲ ಕ್ಷಮೆ ಕೇಳಿ. ನಾನೂ ಒಲೆ ಹಚ್ಚೋವಾಗ ಕೇಳ್ತೀನಿ. ಬೇರೆ ಇನ್ನೇನ್ ಮಾಡಕ್ಕಾಗತ್ತೆ, ನಮ್ ಕೈಲಿ?"

ಕೇಳುತ್ತೇನೆ ಎಂದು ಮಾತು ಕೊಟ್ಟೆ. ಮನೆ ಉಳಿಯುವುದಾದರೆ ಆ ಹೊತ್ತಿನಲ್ಲಿ ಆಟೊಕ್ಲೇವಿಗೆ ದಿನವೂ ಉರುಳುಸೇವೆ ಮಾಡು ಎಂದಿದ್ದರೂ ಒಪ್ಪುತ್ತಿದ್ದೆ. ಆದರೆ ಕೊಟ್ಟ ಮಾತನ್ನು ನಡೆಸುವುದು ಅಷ್ಟು ಸುಲಭವಾಗಿರಲಿಲ್ಲ. ಮೊದಲ ದಿನ ಅಕ್ಕಪಕ್ಕ ನೋಡಿ, ಯಾರೂ ಇಲ್ಲದಾಗ ಮುಚ್ಚಳದ ಮೇಲೆ ಕೈಯಿಟ್ಟು "ಕ್ಷಮಿಸಿ" ಎಂದೆ. ನನ್ನ ದನಿ ನನಗೇ ಕೇಳಿ ನಾಚಿಕೆಯಾಯಿತು. ಬರಬರುತ್ತಾ ಅಭ್ಯಾಸವಾಯಿತು. ಒಂದು ಸಂಜೆ ಡಾಕ್ಟರಮ್ಮ ನಾನು ಕೈ ಮುಗಿದು ನಿಂತದ್ದನ್ನು ನೋಡಿ, "ಏನ್ರೀ, ಸೇಫ್ಟಿ ವಾಲ್ವ್ ಕೆಟ್ಟಿದ್ಯಾ?" ಎಂದು ಗಾಬರಿಯಾಗಿ ಕೇಳಿದರು. ಇಲ್ಲವೆಂದೆ. ಅಂದಿನಿಂದ ಅವರು ಆ ಯಂತ್ರದಿಂದ ದೂರವೇ ಓಡಾಡುತ್ತಿದ್ದರು.

ಮಗು ಆ ಮನೆಯಲ್ಲೇ ಹುಟ್ಟಿತು, ಆ ಮನೆಯಲ್ಲೇ ಅಂಬೆಗಾಲಿಟ್ಟಿತು. ಕಮಲಮ್ಮನವರು ಬಾಣಂತಿಗೆ ಮೆಣಸಿನ ಸಾರು ತಂದುಕೊಟ್ಟು, ಇದರಲ್ಲಿ ಬೇರೆ ಏನೂ ಹಾಕಿಲ್ಲ ಎಂದು ನನ್ನ ಮುಖ ನೋಡಿ ಹೇಳಿದರು. ಎಲ್ಲ ಸರಿಹೋಯಿತು ಎನ್ನಬೇಕು. ಆದರೆ ಧರಣೇಂದ್ರಯ್ಯನವರು ಮೆಟ್ಟಿಲಿಳಿದು ಹೋದವರು ತಮ್ಮ ಕಣ್ಣನ್ನು ನನ್ನಲ್ಲೇ ಬಿಟ್ಟು ಹೋಗಿದ್ದರು. ಅದುವರೆಗೆ ಕೆಲಸವನ್ನು ಲ್ಯಾಬಿನ ಬಾಗಿಲಲ್ಲೇ ಬಿಟ್ಟು, ಕೈತೊಳೆದು ಶುದ್ಧ ಸಸ್ಯಾಹಾರಿಯಾಗಿ ಮನೆಗೆ ಬರುತ್ತಿದ್ದವನು ನಾನು.

ಒಂದು ರಾತ್ರಿ ಊಟಕ್ಕೆ ಕೂತಿದ್ದೆ. ಸಾರನ್ನ ಮುಗಿದಿತ್ತು. ವಿಶಾಲು ಕೊನೆಯ ಅನ್ನ ಬಡಿಸಿ ಅದರ ಮೇಲೆ ಒಂದು ಸೌಟು ಗಟ್ಟಿ ಮೊಸರು ಹಾಕಿದಳು. ಕಲಸಲು ಹಾಕಿದ ಕೈ ಹಾಗೆಯೇ ನಿಂತಿತು. ಹಾಲು ಮೊಸರಾಗುವುದು ಯಾರಿಂದ ಎಂದು ಇಡೀ ಬೀದಿಯಲ್ಲಿ ನನ್ನಷ್ಟು ಚೆನ್ನಾಗಿ ತಿಳಿದವರು ಬೇರೆ ಯಾರೂ ಇರಲಿಲ್ಲ. ಲ್ಯಾಬಿನಲ್ಲಿ ನಾನು ಬೇಯಿಸುವವಾದರೂ ಬೆಂದು ಹೋಗುತ್ತಿದ್ದವು. ಇವು ತಟ್ಟೆಯಲ್ಲಿ ಇನ್ನೂ ಜೀವಂತವಾಗಿದ್ದವು, ಸೌಟಿಗೆ ಇಷ್ಟು ಕೋಟಿಯೆಂದು. ನನಗೆ ತಿಳಿಯದೆಯೇ ಎಡಗೈ ಎದೆಯ ಹತ್ತಿರ ಬಂತು, ತುಟಿ ಅಲುಗಾಡಿತು.

"ಏನ್ರೀ ಅದು, ಮೊಸರನ್ನದ ಮುಂದೆ ಗೊಣಗ್ತಾ ಇದೀರಾ? ಹುಳಿ ಆಗಿದ್ಯಾ?" ಎಂದಳು ವಿಶಾಲು.

"ಇಲ್ಲ ಕಣೇ" ಎಂದೆ. ಇನ್ನೇನು ಹೇಳಲಿ? ಹಸಿವಾಗಿತ್ತು. "ಚೆನ್ನಾಗಿದೆ. ಇನ್ನೊಂದ್ ಸೌಟು ಹಾಕು."